ವೃಷಭಾವತಿ ಹುಟ್ಟುವ ಕಡೆಯಿಂದ ನಡೆದು ನೋಡಿ: ಮಲ್ಲೇಶ್ವರ, ಬಸವನಗುಡಿ, ಗವಿಪುರ ಒಂದೇ ದಿನದಲ್ಲಿ

ಬೆಂಗಳೂರಿಗೆ ಹೊಳೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಂಡು ಬೆಳೆದವನು. ಆದರೆ ಗವಿಪುರದಲ್ಲಿರುವ ನಮ್ಮ ಅತ್ತೆ ಮಾತ್ರ "ಹೊಳೆ ಕಡೆ ಹೋಗಬೇಡ್ರೋ" ಅಂತ ನಮ್ಮನ್ನು ಗದರಿಸುತ್ತಿದ್ದರು. ಅಲ್ಲಿ ಹೋಗಿ ನೋಡಿದರೆ ಇದ್ದದ್ದು ಮೋರಿ. ಅತ್ತೆ ಯಾಕೆ ಅದನ್ನು ಹೊಳೆ ಅನ್ನುತ್ತಾರೆ ಅಂತ ಆಗ ಕೇಳಲಿಲ್ಲ. ನಲವತ್ತು ದಾಟಿದ ಮೇಲೆ, ಅಕ್ಕನ ಮಗಳು ಮಂಡ್ಯದಿಂದ ರಜಕ್ಕೆ ಬಂದು "ಮಾಮ, ಬೆಂಗಳೂರಲ್ಲಿ ನದಿ ಇದ್ಯಾ?" ಅಂತ ಕೇಳಿದಾಗ, ಇದೆ, ನಾಳೆ ತೋರಿಸ್ತೀನಿ ಅಂದೆ.

ಹೋದ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಾವಿಬ್ಬರೂ ವೃಷಭಾವತಿ ಹುಟ್ಟುವ ಕಡೆಯಿಂದ ಅದು ಮೈಸೂರು ರಸ್ತೆ ಸೇರುವ ತನಕ ಹೋಗಿ ಬಂದೆವು. ನಡುವೆ ಮೆಟ್ರೊ, ಒಂದೆರಡು ಆಟೊ, ಉಳಿದದ್ದು ಕಾಲ್ನಡಿಗೆ. ಇದೇ ದಾರಿಯಲ್ಲಿ ಹೋಗಬೇಕು ಅನ್ನುವವರಿಗೆ ಸಹಾಯ ಆಗಲಿ ಅಂತ ಬರೆಯುತ್ತಿದ್ದೇನೆ. ಒಂದು ಮಾತು ಮಾತ್ರ ಮೊದಲೇ ಹೇಳುತ್ತೇನೆ. ನೀರು ಹರಿಯುವ ದಿಕ್ಕಿನಲ್ಲೇ ಹೋಗಿ. ಮೇಲಿನಿಂದ ಕೆಳಗೆ. ಉಲ್ಟಾ ಹೋದರೆ ಮೊದಲು ನಾತ, ಆಮೇಲೆ ಗುಡಿ, ಕೊನೆಗೆ ಮಸಾಲೆ ದೋಸೆ ಸಿಗುತ್ತದೆ. ಹೊಳೆಯ ಕಥೆ ಮಾತ್ರ ತಿಳಿಯುವುದಿಲ್ಲ.

ಹೊರಡುವ ಮುಂಚೆ ಊರಿನ ನೆಲ ಹೇಗಿದೆ ಅಂತ ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಉತ್ತರದಿಂದ ದಕ್ಷಿಣಕ್ಕೆ ಒಂದು ದಿಣ್ಣೆ ಊರಿನ ನಡುವೆ ಹಾದುಹೋಗುತ್ತದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ಕೋರಮಂಗಲ, ಬೆಳ್ಳಂದೂರು, ಹೆಬ್ಬಾಳದ ಕಡೆಯಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿ ಆಗಿ, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಇಳಿದು, ಕನಕಪುರದ ಕಡೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಹೊಳೆ ದಡದ ಊರು ಅಂದ ತಕ್ಷಣ ನಮಗೆ ಶ್ರೀರಂಗಪಟ್ಟಣ ನೆನಪಾಗುತ್ತದೆ, ಅಲ್ವಾ? ಅಲ್ಲಿ ಹೊಳೆ ಎಲ್ಲಿಂದಲೋ ದೊಡ್ಡದಾಗಿ ಬಂದು ಊರನ್ನು ಸುತ್ತುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿ ಹೊಳೆ ಊರೊಳಗೇ ಹುಟ್ಟುತ್ತದೆ. ಅಂಗೈ ಅಗಲದ ಒರತೆಯಾಗಿ ಹುಟ್ಟುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ವೃಷಭಾವತಿಗೆ ಎರಡು ಮೂಲ ಹೇಳುತ್ತಾರೆ. ಒಂದು ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿ ಹತ್ತಿರ. ಇನ್ನೊಂದು ಬಸವನಗುಡಿಯ ದೊಡ್ಡ ಬಸವನ ಕಾಲ ಬುಡದಲ್ಲಿ. ವೃಷಭ ಅಂದರೆ ಬಸವ ತಾನೆ, ಹೆಸರು ಬಂದದ್ದೇ ಅಲ್ಲಿಂದ. ಎರಡನ್ನೂ ಒಂದೇ ದಿನ ನೋಡಬಹುದು. ಆದರೆ ಬೆಳಿಗ್ಗೆ ಏಳು ಗಂಟೆಗೇ ಶುರು ಮಾಡಬೇಕು. ಕಾರಣ ಸರಳ, ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆ ಹೊತ್ತಿಗೆ ಗುಡಿಗಳು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಯೇ. ಹಿಂದೊಮ್ಮೆ ನಾನು ಮನೆಯವರನ್ನೆಲ್ಲ ಕಟ್ಟಿಕೊಂಡು ಒಂದು ಗಂಟೆಗೆ ಒಂದು ಗುಡಿ ಮುಂದೆ ಇಳಿದಿದ್ದೆ. ಬಿಸಿಲಲ್ಲಿ ಮೂರು ಗಂಟೆ ಎಲ್ಲಿ ಕೂರೋದು? ಮಕ್ಕಳು ಅಳು, ಅಮ್ಮನಿಗೆ ಕಾಲು ನೋವು. ವಾಪಸ್ ಮನೆಗೆ ಹೋದೆವು. ಆ ತಪ್ಪು ನೀವು ಮಾಡಬೇಡಿ.

ನಾವು ಹಸಿರು ಮಾರ್ಗದ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಕಾಡುಮಲ್ಲೇಶ್ವರಕ್ಕೆ ಎರಡು ಕಿಲೋಮೀಟರ್ ಆಸುಪಾಸು. ಆಟೊ ಹಿಡಿಯಬಹುದು, ಆದರೆ ಬೆಳಿಗ್ಗೆ ಹೊತ್ತು ಸಂಪಿಗೆ ರಸ್ತೆಯಲ್ಲಿ ನಡೆಯುವುದೇ ಚೆಂದ. ಎಂಟನೇ ಕ್ರಾಸ್ ಹತ್ತಿರ ಹೂವಿನವರು ಸೇವಂತಿಗೆ ಮಾರು ಅಳೆಯುತ್ತಿರುತ್ತಾರೆ. ಹದಿನೈದನೇ ಕ್ರಾಸಿನ ಹತ್ತಿರ ಬಂದ ಮೇಲೆ ಎರಡನೇ ದೇವಸ್ಥಾನ ರಸ್ತೆ ಯಾವುದು ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ತಿಂಡಿ ಬೇಕಾದರೆ ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್ ಅಲ್ಲೇ ಪಕ್ಕ. ಇಡ್ಲಿ ಚಟ್ನಿ ನಿಂತುಕೊಂಡೇ ತಿನ್ನಬೇಕು. ಏಳೂವರೆಗೆ ಮುಂಚೆ ಹೋದರೆ ಸಾಲು ಸಣ್ಣದಿರುತ್ತದೆ.

ಕಾಡುಮಲ್ಲೇಶ್ವರ ಮರಾಠರ ಕಾಲದ ಗುಡಿ. 1638ರಲ್ಲಿ ಬೆಂಗಳೂರು ಬಿಜಾಪುರದವರ ಕೈಗೆ ಹೋಯಿತು, ಅವರಿಂದ ಶಹಾಜಿಗೆ ಜಹಗೀರಾಗಿ ಬಂತು. ಆತನ ಮಗ, ಶಿವಾಜಿಯ ಮಲತಮ್ಮ ಏಕೋಜಿ ಈ ಗುಡಿ ಕಟ್ಟಿಸಿದ ಅನ್ನುತ್ತಾರೆ. ಗುಡಿ ಎದುರಿನ ಬಂಡೆ ಮೇಲೆ 1669ರ ಶಾಸನ ಇದೆ. ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಅನ್ನುವ ಊರನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ಮಲ್ಲಾಪುರ ಅನ್ನುವ ಹಳ್ಳಿಯೇ ಮುಂದೆ ಮಲ್ಲೇಶ್ವರ ಆದದ್ದು. ಇಷ್ಟೆಲ್ಲ ಓದಿಕೊಂಡು ಹೋದರೆ ಆ ಬಂಡೆ ನೋಡುವಾಗ ಮೈ ಜುಂ ಅನ್ನುತ್ತದೆ. ಓದದೇ ಹೋದರೆ ಅದು ಸುಮ್ನೆ ಒಂದು ಬಂಡೆ.

ನಾವು ಹೋದದ್ದು ಮುಖ್ಯವಾಗಿ ಪಕ್ಕದ ನಂದಿ ತೀರ್ಥ ನೋಡಲಿಕ್ಕೆ. ಗಂಗಮ್ಮನ ಗುಡಿ ಎದುರಿಗೇ ಇದೆ. ರಸ್ತೆಯಿಂದ ಕೆಳಕ್ಕೆ ಮೆಟ್ಟಿಲಿಳಿದು ಹೋಗಬೇಕು. ಒಂದು ಕಲ್ಲು ನಂದಿ, ಅದರ ಬಾಯಿಂದ ಸಣ್ಣ ಧಾರೆ, ಕೆಳಗಿರುವ ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಹರಿಯುತ್ತದೆ. ಇದು ಎಷ್ಟೋ ಕಾಲ ಮಣ್ಣಲ್ಲಿ ಹೂತುಹೋಗಿತ್ತು. 1997ರಲ್ಲಿ ಅಗೆದಾಗ ಮತ್ತೆ ಹೊರಗೆ ಬಂತು. ಯೋಚನೆ ಮಾಡಿ. ನಾನು ಹುಡುಗನಾಗಿದ್ದಾಗ ಈ ಜಾಗ ಒಂದು ಖಾಲಿ ಸೈಟು, ಕೆಳಗೆ ನೀರು ಹರಿಯುತ್ತಲೇ ಇತ್ತು, ಮೇಲೆ ಯಾರಿಗೂ ಗೊತ್ತಿರಲಿಲ್ಲ! ಅಕ್ಕನ ಮಗಳು ಕಲ್ಯಾಣಿ ಅಂಚಿಗೆ ಕೂತು ಆಮೆ ಹುಡುಕುತ್ತಾ ಅರ್ಧ ಗಂಟೆ ಏಳಲಿಲ್ಲ. ಇಲ್ಲಿ ಅವಸರ ಮಾಡಬೇಡಿ. ಇಡೀ ದಿನದಲ್ಲಿ ಈ ಹೊಳೆಯ ನೀರು ತಿಳಿಯಾಗಿ ಕಾಣುವುದು ಇದೊಂದೇ ಕಡೆ.

ಮಲ್ಲೇಶ್ವರದಲ್ಲಿ ನೋಡುವುದು ಇನ್ನೂ ಇದೆ, ಆದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಒಂಬತ್ತೂವರೆಗೆ ನಾವು ಮತ್ತೆ ಮೆಟ್ರೊದಲ್ಲಿದ್ದೆವು. ಮೆಜೆಸ್ಟಿಕ್ಕಿನಲ್ಲಿ ನೆಲದ ಕೆಳಗೆ ರೈಲು ನಿಂತಾಗ ಹುಡುಗಿಗೆ ಹೇಳಿದೆ, ಇದರ ಮೇಲೆ ಈಗ ಬಸ್ ಸ್ಟ್ಯಾಂಡ್ ಇದೆಯಲ್ಲ, ಅಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಅವಳು ಸ್ವಲ್ಪ ಹೊತ್ತು ಮೇಲೆ ನೋಡಿದಳು. ನ್ಯಾಷನಲ್ ಕಾಲೇಜು ನಿಲ್ದಾಣ ಸಂಪಿಗೆ ರಸ್ತೆಯಿಂದ ನಾಲ್ಕನೇದು. ಅಲ್ಲಿ ಇಳಿದರೆ ಬಸವನಗುಡಿ.

ದಾರಿಯಲ್ಲಿ ಒಂದು ವಿಷಯ ಹೊಳೆಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಬಯಲಿನ ಗುಡಿಸಲುಗಳಿಗೆ ಹೋದರು. ಆಮೇಲೆ ಗಾಳಿ ಬೆಳಕು ಇರುವ, ಅಗಲ ರಸ್ತೆಯ ಹೊಸ ಬಡಾವಣೆ ಬೇಕು ಅಂತ ಮಾಡಿದ್ದೇ ಮಲ್ಲೇಶ್ವರ ಮತ್ತು ಬಸವನಗುಡಿ. ಒಂದು ಊರಿನ ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಎರಡೂ ದಿಣ್ಣೆ ಮೇಲೆ. ಅಂದರೆ ವೃಷಭಾವತಿಯ ಎರಡು ತಲೆಯ ಮೇಲೆ ಎರಡು ಬಡಾವಣೆ ಬಂದವು. ನೀರು ನಿಲ್ಲದೆ ಹರಿದುಹೋಗುವ ಎತ್ತರದ ಜಾಗ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದು ಸರಿಯೇ. ಆದರೆ ಆ ಮನೆಗಳ ಕೊಳೆ ನೀರೂ ಅದೇ ಇಳಿಜಾರಲ್ಲಿ ಇಳಿಯಬೇಕಲ್ಲ? ಇದನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಿನ ದಾರಿ ನಡೆಯಿರಿ.

ಗಾಂಧಿ ಬಜಾರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ವಿದ್ಯಾರ್ಥಿ ಭವನ 1943ರಿಂದ ಇದೆ. ಶುಕ್ರವಾರ ರಜ, ಗೊತ್ತಿರಲಿ. ಶನಿವಾರ ಭಾನುವಾರ ಸಾಲು ಉದ್ದ. ಮಕ್ಕಳಿದ್ದರೆ ವಾರದ ದಿನ ಹೋಗಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ. ಹಣ್ಣಿನ ಗಾಡಿಯಲ್ಲಿ ನಾವು ಸೀಬೆಕಾಯಿ ತಗೊಂಡು ಉಪ್ಪು ಖಾರ ಹಾಕಿಸಿಕೊಂಡು ಬುಲ್ ಟೆಂಪಲ್ ರಸ್ತೆ ಕಡೆ ನಡೆದೆವು.

ಇಲ್ಲಿಂದ ಕಾಲಿನ ಕೆಳಗೆ ಗಮನ ಇಡಿ. ರಸ್ತೆ ನಿಧಾನಕ್ಕೆ ಏರುತ್ತದೆ. ಕಾರಲ್ಲಿ ಹೋದರೆ ಗೊತ್ತೇ ಆಗುವುದಿಲ್ಲ. ದೊಡ್ಡ ಗಣಪತಿ ಗುಡಿ ದಾಟಿ ಮೆಟ್ಟಿಲು ಹತ್ತಿದರೆ ದೊಡ್ಡ ಬಸವಣ್ಣ. ಈ ಗುಡಿ ಕೆಂಪೇಗೌಡರ ಕಾಲದ್ದು, 1537ರದ್ದು ಅಂತ ಹೇಳುತ್ತಾರೆ. ಒಂದೇ ಕಲ್ಲಿನ ಬಸವ. ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ನೂರಾರು ವರ್ಷ ಎಣ್ಣೆ ಬೆಣ್ಣೆ ಹಚ್ಚಿ ಹಚ್ಚಿ ಕಲ್ಲು ಕಪ್ಪಾಗಿದೆ. ಸುತ್ತು ಹಾಕುವಾಗ ಹಿಂದುಗಡೆ ಸ್ವಲ್ಪ ನಿಲ್ಲಿ. ಬಸವನ ಬಾಲ, ಗೊರಸು, ಬೆನ್ನಿನ ಇಳಿಜಾರು ಹತ್ತಿರದಿಂದ ಕಾಣುತ್ತದೆ. ಜನ ಎಲ್ಲ ಮುಂದುಗಡೆ ಫೋಟೊ ತೆಗೆಯುತ್ತಿರುತ್ತಾರೆ, ಹಿಂದೆ ಯಾರೂ ಇರುವುದಿಲ್ಲ.

ಕಡಲೆಕಾಯಿ ಪರಿಷೆ ಕಥೆ ನಿಮಗೆ ಗೊತ್ತೇ ಇರುತ್ತದೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ ಕಡೆ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ಹುಣ್ಣಿಮೆ ರಾತ್ರಿ ಒಂದು ಬಸವ ಬಂದು ಹೊಲ ಮೇಯುತ್ತಿತ್ತು. ಹೊಡೆದಾಗ ಅದು ಅಲ್ಲೇ ಕಲ್ಲಾಯಿತು, ಬೆಳೆಯುತ್ತಲೇ ಹೋಯಿತು, ಕೊನೆಗೆ ತಲೆಗೆ ತ್ರಿಶೂಲ ನೆಟ್ಟಾಗ ನಿಂತಿತು. ಅವತ್ತಿನಿಂದ ಮೊದಲ ಬೆಳೆ ಬಸವನಿಗೆ. ಕಾರ್ತಿಕ ಮಾಸದ ಕೊನೆ ಸೋಮವಾರ ಪರಿಷೆ. ಆ ದಿನ ಹೋಗಲೇಬೇಕು ಅನ್ನುವವರು ಪರಿಷೆಗಂತಲೇ ಹೋಗಿ, ಈ ನಡಿಗೆಗೆ ಅದನ್ನು ಸೇರಿಸಬೇಡಿ. ಜನ ಎಷ್ಟು ಅಂದರೆ ನಿಮ್ಮ ಹೆಜ್ಜೆ ನೀವು ಇಡುವುದಲ್ಲ, ಹಿಂದಿನವರು ಇಡಿಸುತ್ತಾರೆ. ನಾನು ಈ ಕಥೆಯಲ್ಲಿ ಗಮನಿಸೋದು ಬೇರೆ. ಇದು ಹೊಲದ ಕಥೆ. ಗುಡ್ಡದ ಬುಡದಲ್ಲಿ ಕಡಲೆಕಾಯಿ ಹೊಲ ಇತ್ತು, ಇಳಿಜಾರಿನ ಕೆಳಗೆ ಕೆರೆ ಇತ್ತು, ನೀರು ಇತ್ತು. ಬಸವನಗುಡಿ ಅನ್ನುವುದು ಅಗ್ರಹಾರದ ಥರದ ಊರು, ಸಾಹಿತಿಗಳ ಊರು ಅಂತ ನಾವು ಈಗ ಹೇಳುತ್ತೇವೆ. ಅದಕ್ಕೂ ಮುಂಚೆ ಅದು ರೈತರ ಊರು.

ಬಸವನ ಪಾದದ ಹತ್ತಿರ ವೃಷಭಾವತಿ ಹುಟ್ಟುತ್ತಾಳೆ ಅನ್ನುವ ನಂಬಿಕೆ ಬಹಳ ಹಳೆಯದು. ನೀರು ಹುಡುಕಿಕೊಂಡು ಹೋದರೆ ಕಾಣುವುದಿಲ್ಲ. ಹುಡುಗಿಗೆ ನಿರಾಸೆ ಆಯಿತು. ಆಗ ಅವಳನ್ನು ಪಕ್ಕದ ಬ್ಯೂಗಲ್ ರಾಕ್ ಪಾರ್ಕಿಗೆ ಕರೆದುಕೊಂಡು ಹೋಗಿ ಬಂಡೆ ಹತ್ತಿಸಿದೆ. ಇದು ಲಾಲ್‌ಬಾಗಿನ ಬಂಡೆಯದೇ ಜಾತಿ, ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಕಲ್ಲು. ಮೇಲೆ ನಿಂತು ಎರಡೂ ಕಡೆ ತೋರಿಸಿದೆ. ಆ ಕಡೆ ಇಳಿದರೆ ಲಾಲ್‌ಬಾಗ್ ಕೆರೆ, ಆ ನೀರು ಬೆಳ್ಳಂದೂರಿನ ಕಡೆಗೆ. ಈ ಕಡೆ ಇಳಿದರೆ ಕೆಂಪಾಂಬುಧಿ ಕೆರೆ, ಆ ನೀರು ಕಾವೇರಿಗೆ. ಈ ಗುಡ್ಡದ ಆಸುಪಾಸಿನಲ್ಲೇ ಮಳೆ ನೀರು ತನ್ನ ದಾರಿ ಆರಿಸಿಕೊಳ್ಳುತ್ತದೆ. ಹೊಳೆ ಹುಟ್ಟುವುದು ಅಂದರೆ ಅದೇ. ಅವಳು ಬಾಟಲಿಯಿಂದ ನಾಲ್ಕು ಹನಿ ಬಂಡೆ ಮೇಲೆ ಚೆಲ್ಲಿ ಎಲ್ಲಿಗೆ ಹೋಗುತ್ತದೆ ಅಂತ ನೋಡಿದಳು. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮಾಡಿ, ಭೂಗೋಳದ ಪಾಠ ಅಲ್ಲೇ ಮುಗಿಯುತ್ತದೆ.

ಹನ್ನೊಂದು ಗಂಟೆಗೆ ಬಂಡೆ ಇಳಿದು, ಬುಲ್ ಟೆಂಪಲ್ ರಸ್ತೆಯಲ್ಲೇ ಉತ್ತರಕ್ಕೆ ರಾಮಕೃಷ್ಣ ಆಶ್ರಮದ ಸರ್ಕಲ್ ತನಕ ನಡೆದು, ಅಲ್ಲಿಂದ ಎಡಕ್ಕೆ ಗವಿಪುರಕ್ಕೆ ತಿರುಗಬೇಕು. ಒಟ್ಟು ಒಂದೂಕಾಲು ಕಿಲೋಮೀಟರ್ ಆಗಬಹುದು. ಫೋನಿನ ಮ್ಯಾಪು ನಂಬಿದರೆ ಸಣ್ಣ ಸಣ್ಣ ಓಣಿಗಳಲ್ಲಿ ಸುತ್ತಿಸುತ್ತದೆ. "ಗವಿ ಗಂಗಾಧರೇಶ್ವರ" ಅಂತ ಕೇಳಿಕೊಂಡು ಹೋಗಿ, ಅದೇ ಬೇಗ.

ನನಗೆ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಕೇರಿ ಗವಿಪುರ. ಬಸವನಗುಡಿಯ ರಸ್ತೆಗಳು ಗೆರೆ ಎಳೆದ ಹಾಗೆ ನೇರ. ಗವಿಪುರಕ್ಕೆ ಬಂದ ತಕ್ಷಣ ರಸ್ತೆ ಬಾಗುತ್ತದೆ, ಇಳಿಯುತ್ತದೆ, ಬಂಡೆಗೆ ಡಿಕ್ಕಿ ಹೊಡೆದು ಪಕ್ಕಕ್ಕೆ ಸರಿಯುತ್ತದೆ. ಮನೆ ಹಿತ್ತಲಲ್ಲಿ ಬಂಡೆ, ಬಂಡೆ ಮೇಲೆ ಗುಡಿ, ಗುಡಿ ಪಕ್ಕ ಮತ್ತೆ ಮನೆ. ಇಲ್ಲಿ ಊರು ನೆಲದ ಮಾತು ಕೇಳಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇಲ್ಲೇ ಇದ್ದದ್ದು. ಅವರು ದಿನಾ ಓಡಾಡಿದ ರಸ್ತೆ ಇದು ಅನ್ನುವುದೇ ನನಗೆ ಖುಷಿ.

ಗವಿ ಗಂಗಾಧರೇಶ್ವರ ಅಂದರೆ ಸಂಕ್ರಾಂತಿ. ಆ ದಿನ ಸಂಜೆ ಸೂರ್ಯನ ಕಿರಣ ಕಿಟಕಿಯಿಂದ ಬಂದು ನಂದಿಯ ಕೊಂಬಿನ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ನೋಡಲು ಸಾವಿರಾರು ಜನ ಸೇರುತ್ತಾರೆ, ಒಳಗೆ ಹೋಗುವುದು ಕಷ್ಟ. ಮನೆಯಲ್ಲಿ ಟಿವಿಯಲ್ಲಿ ನೋಡುವುದೇ ವಾಸಿ ಅಂತ ಅತ್ತೆ ಹೇಳುತ್ತಾರೆ, ಅವರ ಮನೆ ಗುಡಿಯಿಂದ ಐದು ನಿಮಿಷ! ಬೇರೆ ದಿನ ಹೋದರೆ ಗುಡಿ ನಿಮ್ಮದೇ. ಅಂಗಳದಲ್ಲಿ ನಾಲ್ಕು ದೊಡ್ಡ ಕಲ್ಲು ಕಂಬ ಇವೆ. ಎರಡರ ತಲೆ ಮೇಲೆ ಗಾಡಿ ಚಕ್ರಕ್ಕಿಂತ ದೊಡ್ಡ ಕಲ್ಲಿನ ಬಿಲ್ಲೆ, ಸೂರ್ಯಪಾನ, ಚಂದ್ರಪಾನ ಅಂತ ಹೆಸರು. ಇನ್ನೊಂದು ತ್ರಿಶೂಲ, ಮತ್ತೊಂದು ಡಮರು. 1792ರಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅನ್ನುವ ಇಂಗ್ಲಿಷ್ ಚಿತ್ರಕಾರರು ಈ ಗುಡಿಯನ್ನು ಬರೆದಿದ್ದಾರೆ. ಆ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿ ನಿಂತು ಹೋಲಿಸಿ ನೋಡಿ. ಕಂಬಗಳು ಅವೇ. ಸುತ್ತಲಿನ ಗೋಡೆ, ಮನೆ ಎಲ್ಲ ಆಮೇಲೆ ಬಂದದ್ದು.

ಒಳಗೆ ಗವಿ ಸುತ್ತಿ ಪ್ರದಕ್ಷಿಣೆ ಇದೆ. ಬಂಡೆಯನ್ನೇ ಕೊರೆದ ದಾರಿ. ನಡು ಬಗ್ಗಿಸಿ ಹೋಗಬೇಕು, ಮೊಣಕಾಲು ನೋವು ಇರುವವರು ಬಿಡುವುದು ಒಳ್ಳೆಯದು. ಕತ್ತಲೆ, ತಣ್ಣಗೆ, ಕೈಗೆ ಕಲ್ಲು ತೇವ ತೇವ ಅನ್ನಿಸುತ್ತದೆ. ಎರಡು ತಲೆ, ಏಳು ಕೈ, ಮೂರು ಕಾಲಿನ ಅಗ್ನಿದೇವರ ಮೂರ್ತಿ ಇಲ್ಲಿದೆ. ಅಗ್ನಿಗೆ ಮೂರ್ತಿ ಇರುವುದೇ ಅಪರೂಪ. ಕಣ್ಣಿನ ತೊಂದರೆ ಇರುವವರು ಹರಕೆ ಹೊತ್ತುಕೊಂಡು ಬರುತ್ತಾರೆ. ಕೆಂಪೇಗೌಡರು ಐದು ವರ್ಷ ವಿಜಯನಗರದವರ ಸೆರೆಯಲ್ಲಿದ್ದು, ಬಿಡುಗಡೆಯಾಗಿ ಬಂದ ಮೇಲೆ ಈ ಗುಡಿ ಕಟ್ಟಿಸಿದರು ಅಂತ ಹೇಳಿಕೆ. ಹೆಸರು ಮರೆಯಬೇಡಿ, ಗಂಗಾಧರ. ಗಂಗೆಯನ್ನು ತಲೆ ಮೇಲೆ ಹೊತ್ತವನು. ಮಲ್ಲೇಶ್ವರದಲ್ಲಿ ನಂದಿ ಬಾಯಿಂದ ನೀರು, ಬಸವನಗುಡಿಯಲ್ಲಿ ಬಸವನ ಪಾದದಿಂದ ನೀರು, ಇಲ್ಲಿ ಗಂಗೆ ಹೊತ್ತ ಶಿವ. ನೀರು ಎಲ್ಲೆಲ್ಲಿ ಒಸರುತ್ತಿತ್ತೋ ಅಲ್ಲೆಲ್ಲ ಹಿರಿಯರು ಒಂದು ಗುಡಿ ಇಟ್ಟು ಗುರುತು ಮಾಡಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ಗುಡಿ ಮುಚ್ಚುವ ಹೊತ್ತಿಗೆ ಅತ್ತೆ ಮನೆಗೆ ಹೋಗಿ ಊಟ ಮಾಡಿದೆವು. ಆ ಸೌಕರ್ಯ ನಿಮಗೆ ಇರದಿದ್ದರೆ ಗಾಂಧಿ ಬಜಾರ್ ಕಡೆಗೋ ಹನುಮಂತನಗರದ ಕಡೆಗೋ ಹೋದರೆ ಊಟಕ್ಕೆ ಬೇಕಾದಷ್ಟು ಹೋಟೆಲಿವೆ. ಊಟದ ಜೊತೆ ಅತ್ತೆಯನ್ನು ಕೊನೆಗೂ ಕೇಳಿದೆ, ನೀವು ಯಾಕೆ ಅದನ್ನು ಹೊಳೆ ಅಂತಿದ್ರಿ? ಅವರ ಅತ್ತೆ, ಅಂದರೆ ನಮ್ಮ ಮಾವನ ಅಮ್ಮ, ಕೆಳಗಿನ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಮಳೆಗಾಲ ಮುಗಿದ ಮೇಲೆ ಮರಳು ಕಾಣುತ್ತಿತ್ತಂತೆ. "ನಾನು ಮದುವೆ ಆಗಿ ಬಂದಾಗ ಆಗಲೇ ನೀರು ಕೆಟ್ಟಿತ್ತು, ಆದರೆ ಹೆಸರು ಬಿಟ್ಟಿರಲಿಲ್ಲ" ಅಂದರು. ಈಗ ಮೈಸೂರು ರಸ್ತೆಯ ಕಡೆ ಜನ ಇದನ್ನು ಕೆಂಗೇರಿ ಮೋರಿ ಅನ್ನುತ್ತಾರೆ. ಸರ್ಕಾರಿ ಕಾಗದದಲ್ಲಿ ರಾಜಕಾಲುವೆ. ಹೊಳೆ ಅನ್ನುವವರು ನಮ್ಮ ಅತ್ತೆಯಂಥ ಕೆಲವರು.

ಮಧ್ಯಾಹ್ನ ಮಲಗಿ ಎದ್ದು ನಾಲ್ಕು ಗಂಟೆಗೆ ಕೆಂಪಾಂಬುಧಿಗೆ ಇಳಿದೆವು. ಗುಡಿಯಿಂದ ಬಂಡೆ ಮಹಾಕಾಳಿ ಗುಡಿ ದಾರಿ ಹಿಡಿದು ಕೆಳಕ್ಕೆ ಬನ್ನಿ. ಹೊಸ ಗಾಡಿ ತಗೊಂಡವರು ಪೂಜೆಗೆ ಸಾಲಾಗಿ ನಿಲ್ಲಿಸಿರುತ್ತಾರೆ, ನಿಂಬೆಹಣ್ಣು ನೋಡಿಕೊಂಡು ಹೆಜ್ಜೆ ಇಡಿ. ಕೆಂಪಾಂಬುಧಿ ಕೆಂಪೇಗೌಡರು ಕಟ್ಟಿಸಿದ ಕೆರೆ, ಕುಲದೇವತೆ ಕೆಂಪಮ್ಮನ ಹೆಸರು. ಊರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು ಇಲ್ಲಿದೆ. ಲಾಲ್‌ಬಾಗ್, ಹಲಸೂರು, ಮೇಖ್ರಿ ಸರ್ಕಲ್ ಉಳಿದ ಮೂರು. ಲಾಲ್‌ಬಾಗಿನದನ್ನು ಎಲ್ಲರೂ ನೋಡುತ್ತಾರೆ, ಇದನ್ನು ನೋಡುವವರು ಕಡಿಮೆ. ಏರಿ ಮೇಲೆ ನಡೆಯಬೇಕು. ಸಂಜೆ ವಾಕಿಂಗಿಗೆ ಬರುವ ಹಿರಿಯರು ಮಾತಿಗೆ ಸಿಗುತ್ತಾರೆ. ಕೆರೆ ನೋಡಿದರೆ ಬೇಜಾರಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೀರು ಹಸಿರು, ಗಾಳಿ ಈ ಕಡೆ ತಿರುಗಿದರೆ ವಾಸನೆ. ಆದರೂ ಬೆಳ್ಳಕ್ಕಿ ಇದ್ದವು, ನೀರುಕಾಗೆ ಇತ್ತು. ಕೋಡಿ ಕಡೆ ಹೋಗಿ ನಿಲ್ಲಿ. ಬೆಳಿಗ್ಗೆ ನಂದಿ ತೀರ್ಥದಲ್ಲಿ ನೋಡಿದ ನೀರು ನೆನಪು ಮಾಡಿಕೊಳ್ಳಿ. ನಮ್ಮ ಹುಡುಗಿ ಏನೂ ಮಾತಾಡಲಿಲ್ಲ.

ಕೆಂಪಾಂಬುಧಿಯಿಂದ ಗಾಳಿ ಆಂಜನೇಯಕ್ಕೆ ಮೂರು ಕಿಲೋಮೀಟರ್ ಆಸುಪಾಸು. ಇದನ್ನು ನಡೆಯಬೇಡಿ. ಫುಟ್‌ಪಾತ್ ಕೆಲವು ಕಡೆ ಇಲ್ಲ, ಸಂಜೆ ಟ್ರಾಫಿಕ್ ಜಾಸ್ತಿ. ಆಟೊ ತಗೊಳ್ಳಿ, ಹತ್ತುವ ಮುಂಚೆ ದುಡ್ಡು ಮಾತಾಡಿಕೊಳ್ಳಿ. ನಮಗೆ ಒಬ್ಬರು ಮೀಟರ್ ಹಾಕುತ್ತೇನೆ ಅಂದು ಅರ್ಧ ದಾರಿಯಲ್ಲಿ ಮಾತು ಬದಲಾಯಿಸಿದರು, ಇಳಿದು ಬೇರೆ ಆಟೊ ಹಿಡಿದೆವು. ಮೈಸೂರು ರಸ್ತೆಯ ಬ್ಯಾಟರಾಯನಪುರದ ಈ ಗುಡಿ ವೃಷಭಾವತಿಯೂ ಪಶ್ಚಿಮವಾಹಿನಿಯೂ ಕೂಡುವ ಜಾಗದಲ್ಲಿದೆ. ವ್ಯಾಸರಾಯರು ಪ್ರತಿಷ್ಠೆ ಮಾಡಿದ ಹನುಮಂತ ಅನ್ನುವುದು ಭಕ್ತರ ನಂಬಿಕೆ. ಸಂಗಮದಲ್ಲಿ ದೇವರನ್ನು ಇಡುವುದು ನಮ್ಮಲ್ಲಿ ವಾಡಿಕೆ. ಎರಡು ಹೊಳೆ ಕೂಡುವ ಕಡೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಗುಡಿಗೆ ಬರುವ ಜಾಗ ಇದಾಗಿತ್ತು ಅಂತ ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಕಣ್ಣು ಬಿಟ್ಟರೆ ಕಾಂಕ್ರೀಟ್ ಗೋಡೆ ನಡುವೆ ಕಪ್ಪು ನೀರು. ಜೋರು ಮಳೆ ಬಂದರೆ ಆ ನೀರು ಗುಡಿ ತನಕ ಬರುತ್ತದೆ. ಅದಕ್ಕೇ ಜೂನಿಂದ ಅಕ್ಟೋಬರ್ ತನಕ ಮೋಡ ಕಟ್ಟಿದ ಸಂಜೆ ಇಲ್ಲಿಗೆ ಬರಬೇಡಿ. ಶನಿವಾರ ಜನ ಜಾಸ್ತಿ. ಸಾಲಲ್ಲಿ ನಮಗೆ ಮುಕ್ಕಾಲು ಗಂಟೆ ಹಿಡಿಯಿತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಬೆಂಗಳೂರಿಗೆ ಮೊದಲು ನಲ್ಲಿ ನೀರು ಬಂದದ್ದು ಅರ್ಕಾವತಿಯಿಂದ. 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದು ಸಾಲದಾಗಿ 1974ರಲ್ಲಿ ಕಾವೇರಿ ಬಂದಳು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಬಸವನಗುಡಿಯ, ಮಲ್ಲೇಶ್ವರದ ಮನೆಗಳಲ್ಲಿ ಆ ನೀರು ಬಳಕೆಯಾಗಿ ಕೊಳೆಯಾಗಿ ಇದೇ ವೃಷಭಾವತಿಗೆ ಇಳಿಯುತ್ತದೆ. ಸ್ವಲ್ಪ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಸ್ವಲ್ಪ ಹಾಗೇ. ಜೊತೆಗೆ ಕಾರ್ಖಾನೆಗಳದ್ದು. ಬೈರಮಂಗಲದಲ್ಲಿ ನೊರೆ ಏಳುತ್ತದೆ. ಆಮೇಲೆ ಅರ್ಕಾವತಿ, ಆಮೇಲೆ ಮತ್ತೆ ಕಾವೇರಿ. ನಮ್ಮ ಹುಡುಗಿ ಮಂಡ್ಯದವಳು. ಅವಳ ಊರಿನ ಕಡೆ ಹರಿದ ನೀರು ನಾವು ತಂದು ಕುಡಿದು ಹೀಗೆ ವಾಪಸ್ ಕಳಿಸುತ್ತಿದ್ದೇವೆ ಅಂತ ಅವಳಿಗೆ ಹೇಳುವಾಗ ನನಗೆ ಗಂಟಲು ಕಟ್ಟಿತು.

ಗುಡಿಯಿಂದ ದೀಪಾಂಜಲಿ ನಗರ ಮೆಟ್ರೊ ಹತ್ತಿರ. ಮನೆಗೆ ಹೋಗುವ ಮುಂಚೆ ಕೆಂಗೇರಿ ಕಡೆ ಹೋಗುವ ನೇರಳೆ ಮಾರ್ಗದ ರೈಲು ಹತ್ತಿ, ಕೆಂಗೇರಿ ತನಕ ಹೋಗಿ ವಾಪಸ್ ಬನ್ನಿ. ಬೆಳಕಿರುವಾಗಲೇ ಹೋಗಬೇಕು. ಅದಕ್ಕೆ ಗಾಳಿ ಆಂಜನೇಯಕ್ಕೆ ನಾಲ್ಕೂವರೆ ಒಳಗೆ ತಲುಪುವ ಹಾಗೆ ನೋಡಿಕೊಳ್ಳಿ, ಕೆಂಪಾಂಬುಧಿಗೆ ಸ್ವಲ್ಪ ಮುಂಚೆಯೇ ಇಳಿಯಿರಿ. ನಾವು ತಡ ಮಾಡಿದ್ದರಿಂದ ಕತ್ತಲಾಗುತ್ತಾ ಬಂದಿತ್ತು. ನಾಯಂಡಹಳ್ಳಿ ದಾಟಿದ ಮೇಲೆ ಎರಡೂ ಕಿಟಕಿ ನೋಡುತ್ತಿರಿ. ಹೊಳೆ ರಸ್ತೆ ಪಕ್ಕಕ್ಕೇ ಬರುತ್ತದೆ, ಅಗಲ ಆಗುತ್ತದೆ, ಎರಡು ಕಡೆ ಹುಲ್ಲು, ಗಿಡ, ಅಲ್ಲಲ್ಲಿ ದನ. ಎತ್ತರದಿಂದ ನೋಡಿದಾಗ ಮಾತ್ರ ಇದು ನಿಜವಾಗಿ ಹೊಳೆ ಅಂತ ಅನ್ನಿಸುತ್ತದೆ, ಬಾಗುತ್ತದೆ, ತಿರುಗುತ್ತದೆ, ತನ್ನ ಕಣಿವೆಯಲ್ಲಿ ತಾನು ಹೋಗುತ್ತದೆ.

ಉಳಿದ ಸಣ್ಣಪುಟ್ಟ ವಿಷಯ. ನವೆಂಬರಿಂದ ಫೆಬ್ರವರಿ ಒಳ್ಳೆಯ ಕಾಲ. ಸುಲಭವಾಗಿ ಬಿಚ್ಚಿ ಹಾಕುವ ಚಪ್ಪಲಿ ಇರಲಿ, ದಿನಕ್ಕೆ ಐದಾರು ಸಲ ಬಿಚ್ಚಬೇಕಾಗುತ್ತದೆ. ಕಾರು ಬೇಡ, ಗವಿಪುರದಲ್ಲಿ ನಿಲ್ಲಿಸಲು ಜಾಗ ಇಲ್ಲ. ವಯಸ್ಸಾದವರ ಜೊತೆ ಹೋಗುವುದಾದರೆ ಎರಡು ದಿನ ಮಾಡಿ, ಒಂದು ಬೆಳಿಗ್ಗೆ ಮಲ್ಲೇಶ್ವರ, ಇನ್ನೊಂದು ಬೆಳಿಗ್ಗೆ ಬಸವನಗುಡಿ ಗವಿಪುರ. ಗವಿಪುರಕ್ಕೆ ಏನೇ ಆದರೂ ಎರಡು ಗಂಟೆ ಇಡಿ. ಕುಡಿಯುವ ನೀರು ಜೊತೆಗಿರಲಿ. ಅಲ್ಲಿ ಇಲ್ಲಿ ಕೂತ ಹಿರಿಯರು ಕಂಡರೆ "ಇಲ್ಲಿ ಹೊಳೆ ಎಲ್ಲಿತ್ತು?" ಅಂತ ಕೇಳಿ. ಮೋರಿ ಎಲ್ಲಿದೆ ಅಂತ ಕೇಳಿದರೆ ಕೈ ತೋರಿಸಿ ಸುಮ್ಮನಾಗುತ್ತಾರೆ. ಹೊಳೆ ಅಂದರೆ ಎದ್ದು ಬಂದು ಜೊತೆಗೆ ನಡೆಯುತ್ತಾರೆ. ನಮಗೆ ಕೆಂಪಾಂಬುಧಿ ಏರಿ ಮೇಲೆ ಹಾಗೇ ಆಯಿತು.

ಹುಡುಗಿ ಮಂಡ್ಯಕ್ಕೆ ವಾಪಸ್ ಹೋಗಿದ್ದಾಳೆ. ಬೇಸಿಗೆ ರಜಕ್ಕೆ ಬಂದಾಗ ಬೈರಮಂಗಲದಿಂದ ಸಂಗಮದ ತನಕ ಕರೆದುಕೊಂಡು ಹೋಗಬೇಕಂತೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.